ಹರಿದೆಯೋ, ಅರಿದೆಯೋ

‘ಲಿರಿಕ್ಸ್ ತುಂಬಾ ಡೀಪ್ ಆಗಿದೆ’ ಅಂತ ಯಾರಾದರೂ ಅಂದರೆ ನಾನು ಮೊದಲು ಅವರ ಮುಖ ನೋಡುತ್ತೇನೆ. ಆಮೇಲೆ, ಯಾವ ಸಾಲು ಅಂತ ಕೇಳುತ್ತೇನೆ. ಮುಕ್ಕಾಲು ಪಾಲು ಜನಕ್ಕೆ ಅಲ್ಲೇ ಕೆಮ್ಮು ಬರುತ್ತದೆ. ‘ಸಾಲು ಅಂತಲ್ಲ, ಒಟ್ಟಾರೆ ಕಾನ್ಸೆಪ್ಟು’ ಅಂತಾರೆ. ಒಟ್ಟಾರೆ ಅನ್ನುವವರನ್ನು ನಾನು ಒಟ್ಟಾರೆಯಾಗಿಯೇ ನಂಬುವುದಿಲ್ಲ.

ಪ್ರೋಗ್ರೆಸ್ಸಿವ್ ರಾಕ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಒಂದು ಹಾಡು ಶುರುವಾದರೆ ನಂಜನಗೂಡು ಬಿಟ್ಟ ಬಸ್ಸು ತಾಂಡವಪುರ ದಾಟಿದರೂ ಮುಗಿಯುವುದಿಲ್ಲ. ತಾಳ ನಾಲ್ಕಕ್ಕೆ ಬೀಳುತ್ತದೆ ಅಂದುಕೊಂಡು ಕಾಲು ಕುಣಿಸಿದರೆ ಏಳಕ್ಕೆ ಬಿದ್ದು ನಮ್ಮನ್ನು ಪೆಚ್ಚು ಮಾಡುತ್ತದೆ. ಗಿಟಾರಿನವನು ತನ್ನ ಪಾಡಿಗೆ ಎಲ್ಲಿಗೋ ಹೊರಟುಹೋಗುತ್ತಾನೆ, ಕೀಬೋರ್ಡಿನವನು ಅವನನ್ನು ಹುಡುಕಿಕೊಂಡು ಹೋಗುತ್ತಾನೆ. ನಡುವೆ ಒಬ್ಬ ಬಂದು ಕತ್ತಲೆ, ಗೋಪುರ, ಕಾಲ, ಯಂತ್ರ ಅಂತ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹಾಡಿ ಮರೆಯಾಗುತ್ತಾನೆ. ಆ ನಾಲ್ಕು ಮಾತು ಎಷ್ಟು ಮುಖ್ಯ ಅನ್ನುವುದೇ ಇದನ್ನು ಕೇಳುವವರ ನಡುವಿನ ಮುಗಿಯದ ಜಗಳ.

ನಾನು ಮಾತಿನ ಕಡೆಯವನು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಹಾಡು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಕೇಳಿ ಇಂಗ್ಲಿಷ್ ಕಲಿತವನು. ಗೊತ್ತಿರದ ಪದ ಕಿವಿಗೆ ಬಿದ್ದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು. ನನ್ನ ಹೊಟ್ಟೆಪಾಡೂ ಅಂಥದ್ದೇ. ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಸೆಕ್ಷನ್ನು. ಬಂದ ಮಾಲು ಸರಿಯಿಲ್ಲ ಅಂತ ಮೊದಲು ಅಂದುಕೊಂಡು ಆಮೇಲೆ ಕೈಗೆತ್ತಿಕೊಳ್ಳಬೇಕು. ಮನೆಗೆ ಬಂದರೂ ಆ ಬುದ್ಧಿ ಬಿಡುವುದಿಲ್ಲ. ತರಕಾರಿಯವನು ‘ಬೆಳಗ್ಗೆ ಕಿತ್ತಿದ್ದು ಸಾ’ ಅಂದರೆ, ಯಾವ ದಿನದ ಬೆಳಗ್ಗೆ ಅಂತ ಕೇಳುತ್ತೇನೆ. ನನ್ನ ಹೆಂಡತಿ ಅದಕ್ಕೇ ನನ್ನ ಜೊತೆ ಸಂತೆಗೆ ಬರುವುದಿಲ್ಲ.

ಸಂಗೀತದ ಕಡೆಯವನು ನನ್ನ ಸ್ನೇಹಿತ. ನರಸೀಪುರದ ಹತ್ತಿರದ ಹಳ್ಳಿಯವನು. ಅದೇ ಫ್ಯಾಕ್ಟರಿಯಲ್ಲಿ ಮೆಷಿನ್ ಮೇಲಿದ್ದ, ನಂಜನಗೂಡಿನಲ್ಲಿ ರೂಮು ಮಾಡಿಕೊಂಡಿದ್ದ. ಕಂಪನಿ ಬಸ್ಸಿನಲ್ಲಿ ಒಂದು ದಿನ ಅವನ ಇಯರ್‌ಫೋನಿಂದ ಏಳರ ತಾಳ ಸೋರುತ್ತಿತ್ತು. ನಾನು ತಿರುಗಿ ನೋಡಿದೆ. ಅವನು ಏನೂ ಕೇಳದೆ ಒಂದು ಎಳೆ ನನ್ನ ಕೈಗೆ ಕೊಟ್ಟ. ಅಲ್ಲಿಂದ ಶುರುವಾದದ್ದು, ದಿನಾ ಅವನಿಗೆ ಎಡಗಿವಿ, ನನಗೆ ಬಲಗಿವಿ. ತಾಂಡ್ಯ, ನಂಜನಗೂಡಿನಂಥ ಕಡೆ ಇಂಥದ್ದನ್ನು ಕೇಳುವ ಇನ್ನೊಬ್ಬ ಸಿಗುವುದು ಅಂದರೆ ಹುಡುಗಾಟವಲ್ಲ. ನನಗೆ ಅಣ್ಣತಮ್ಮಂದಿರಿದ್ದಾರೆ, ಆದರೆ ನನ್ನ ತಲೆಯೊಳಗೆ ಓಡುವುದು ಏನು ಅಂತ ಗೊತ್ತಿದ್ದವನು ಅವನೊಬ್ಬನೇ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದಕ್ಕೇ ಸಂಬಂಧಪಟ್ಟದ್ದು.

ಜಗಳವೂ ದಿನಾ. ‘ಪದ ಕಟ್ಕೊಂಡ್ ಏನ್ಲಾ ಮಾಡ್ತೀಯ’ ಅಂತಿದ್ದ. ‘ಆಡೋನ್ ಗಂಟ್ಲೂ ಒಂದು ವಾದ್ಯ ಅಷ್ಟೆ. ವಾದ್ಯಕ್ಕೆ ಅರ್ಥ ಕೇಳ್ತೀಯಾ?’

‘ಹಾಗಾದರೆ ಲಾಲಲಾ ಅಂತ ಹಾಡಬಹುದಿತ್ತಲ್ಲ, ಯಾಕೆ ಅಷ್ಟು ಕಷ್ಟಪಟ್ಟು ಬರೆದ?’

‘ನಿಮ್ ನಂಜನಗೂಡ್ ದೇವಸ್ಥಾನ್ದಲ್ಲಿ ಐನೋರು ಮಂತ್ರ ಯೋಳ್ತಾರಲ್ಲ, ಯಾರ್ಗಾರಾ ಅರ್ಥ ಆಯ್ತದಾ? ಆದ್ರೂ ಕೈ ಮುಗ್ಯಲ್ವಾ?’

‘ದೇವರಿಗೆ ಅರ್ಥ ಆಗುತ್ತೆ.’

‘ನಿಂಗ್ ಬಂದ್ ಯೋಳುದ್ನಾ?’

ನಾನು ಕಿಟಕಿ ಕಡೆ ತಿರುಗಿಕೊಳ್ಳುತ್ತಿದ್ದೆ. ಅವನು ಕಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ, ಕೀಬೋರ್ಡಿನೊಳಗೆ ಇಳಿದುಹೋಗುತ್ತಿದ್ದ.

ಅವನಿಗೆ ಹಕಾರ ಬರುತ್ತಿರಲಿಲ್ಲ. ಅವರ ಕಡೆ ಯಾರಿಗೂ ಬರುವುದಿಲ್ಲ, ನಮ್ಮ ಕಡೆಯೂ ಹಳ್ಳಿ ಅಳ್ಳಿಯೇ. ಆದರೆ ಅವನದು ಇನ್ನೊಂದು ತಮಾಷೆ. ದೊಡ್ಡವರ ಎದುರಿಗೆ ಹುಷಾರಾಗಿ ಮಾತಾಡಲು ಹೋದರೆ ಬೇಡದ ಕಡೆಯೆಲ್ಲ ಹಕಾರ ನುಗ್ಗುತ್ತಿತ್ತು. ಮ್ಯಾನೇಜರ್ ಮುಂದೆ ನಿಂತು ‘ಹಾಫೀಸ್ ಹಿವತ್ತು ಹೆಷ್ಟೊತ್ತಿಗೆ ಸಾ’ ಅಂದವನು ಅವನು. ನಾನು ನಗುತ್ತಿದ್ದೆ. ‘ನಿಂಗೆ ಹಾಡು ಬೇಡ ಬಿಡೋ, ಆಡು ಸಾಕು, ಒಂದು ಹಗ್ಗ ತಂದ್ಕೊಡ್ತೀನಿ’ ಅಂತ ಗೇಲಿ ಮಾಡುತ್ತಿದ್ದೆ. ಅವನೂ ನಗುತ್ತಿದ್ದ. ಒಂದು ಸಲ ಮಾತ್ರ ನಗಲಿಲ್ಲ. ‘ನಮ್ ಕೇರಿ ಐಕಳನ್ನ ಇಸ್ಕೂಲಲ್ಲಿ ಇದುಕ್ಕೇ ಬೆಂಚ್ ಮ್ಯಾಲ್ ನಿಲ್ಲುಸ್ತಿದ್ರು ಕಣ್ಲಾ’ ಅಂದ. ಆಮೇಲೆ ಅವನೇ ಬೇರೆ ಮಾತು ತೆಗೆದ.

ಕೆಲಸ ಬಿಟ್ಟು ಅವನು ನರಸೀಪುರಕ್ಕೆ ಹೋದ. ಬಸ್ ಸ್ಟ್ಯಾಂಡಿನ ಹಿಂದೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಅಂಗಡಿ ಹಾಕಿದ. ಮೈಕು, ಮಿಕ್ಸರು ಎಲ್ಲ ಕೈಯಲ್ಲೇ ಇದ್ದವಲ್ಲ, ಬಿಡುವಿನಲ್ಲಿ ತಾನೇ ಒಂದು ಹಾಡು ಮಾಡಿ ಇಂಟರ್‌ನೆಟ್ಟಿಗೆ ಹಾಕಿದ. ಕನ್ನಡದಲ್ಲಿ, ಅದೂ ಈ ಥರದ್ದು. ಗಿಟಾರು, ಕೀಬೋರ್ಡು, ಗಂಟಲು ಎಲ್ಲ ಅವನದೇ. ನಾನು ಕೇಳಿ ಬೆರಗಾದೆ, ನಿಜವಾಗಿ ಹೇಳುತ್ತೇನೆ. ಫೋನ್ ಮಾಡಿ ಹೇಳಿಯೂ ಹೇಳಿದೆ. ನಮ್ಮದೊಂದು ವಾಟ್ಸಾಪ್ ಗುಂಪಿದೆ, ಜಿಲ್ಲೆಯಲ್ಲಿ ಈ ಸಂಗೀತ ಕೇಳುವ ನಾಲ್ಕಾರು ಜನರದ್ದು. ಅಲ್ಲಿಗೂ ನಾನೇ ಹಾಕಿದೆ.

ಮಾರನೇ ದಿನ ಹಾಡಿನ ಕೆಳಗೆ ಒಂದು ಕಾಮೆಂಟು ಬಂದಿತ್ತು. ಹೆಸರಿಲ್ಲದ ಅಕೌಂಟು, ಫೋಟೋದ ಜಾಗದಲ್ಲಿ ಬೆಕ್ಕು. ‘ಇದು ಹಾಡಲ್ಲ, ಆಡು. ಯಾರಾದರೂ ಹಗ್ಗ ತನ್ನಿ.’

ಅದು ನನ್ನ ಮಾತು. ಹಗ್ಗದ ಸಮೇತ ನನ್ನ ಮಾತು. ಬರೆದವನು ನಾನಲ್ಲ. ಇದನ್ನು ನಿಮಗೆ ಹೇಗೆ ನಂಬಿಸುವುದೋ ಗೊತ್ತಿಲ್ಲ, ಆದರೆ ನಾನಲ್ಲ.

ಅವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜಿಗೆ ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಗುಂಪಿನಿಂದ ಹೊರಗೆ ಹೋದ. ಆಮೇಲೆ ಶುರುವಾಯಿತು ನೋಡಿ ನನ್ನ ಪತ್ತೇದಾರಿಕೆ. ಆ ಕಂಪನಿ ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಿದ್ದರು? ಸ್ಟೋರಿನವನೊಬ್ಬ ಇದ್ದ, ಸದಾ ಮಲಗಿರುತ್ತಿದ್ದ. ಮಲಗಿರುತ್ತಿದ್ದನೋ, ಮಲಗಿದ ಹಾಗೆ ಇರುತ್ತಿದ್ದನೋ? ಗುಂಪಿನಲ್ಲಿ ಮೈಸೂರಿನ ಒಬ್ಬರು ರಿಟೈರ್ಡ್ ಮೇಷ್ಟರಿದ್ದಾರೆ, ಕನ್ನಡ ತಪ್ಪಾಗಿ ಬರೆದರೆ ತಿದ್ದುವವರು. ನಾನು ಯಾವಾಗಲಾದರೂ ಅವರ ಮುಂದೆ ಈ ಜೋಕು ಹೇಳಿದ್ದೆನೇ? ಅವರಿಗೇ ಫೋನ್ ಮಾಡಿ ಸುತ್ತಿ ಬಳಸಿ ಕೇಳಿದೆ. ‘ನನಗೆ ಬೆಕ್ಕು ಕಂಡರೆ ಆಗಲ್ಲಪ್ಪ’ ಅಂದರು. ಬೆಕ್ಕಿನ ವಿಷಯ ನಾನು ಎತ್ತಿರಲೇ ಇಲ್ಲ. ಕಾಮೆಂಟು ಎಲ್ಲರಿಗೂ ಕಾಣುತ್ತದೆ, ಅವರೂ ನೋಡಿರಬಹುದು, ಸರಿ. ಆದರೂ. ಒಂದು ದಿನ, ಅವನೇ ಬರೆದುಕೊಂಡಿರಬಹುದಾ, ನನ್ನನ್ನು ಪರೀಕ್ಷೆ ಮಾಡಲಿಕ್ಕೆ, ಅಂತಲೂ ಅನ್ನಿಸಿತು. ಅನುಮಾನಕ್ಕೆ ಮಾನ ಮರ್ಯಾದೆ ಇರುವುದಿಲ್ಲ ಕಣ್ರೀ.

ಹೀಗಿರುವಾಗ ಅವನ ಎರಡನೇ ಹಾಡು ಬಂತು. ಬಹಳ ಉದ್ದದ್ದು. ಹೆಚ್ಚು ಪಾಲು ಬರೀ ವಾದ್ಯ. ಮಧ್ಯೆ ಹೊಳೆ, ಆಕಾಶ ಅಂತ ಒಂದೆರಡು ಸಾಲು. ಕೊನೆಗೆ ಎಲ್ಲ ವಾದ್ಯ ನಿಂತು ಅವನ ಗಂಟಲೊಂದೇ ಉಳಿಯುತ್ತದೆ:

ಎಲ್ಲರೂ ನನ್ನ ಕೇಳಿದರು,
ನೀನೊಬ್ಬನೇ ನನ್ನ ಹರಿದೆ.

ಪದಕ್ಕೆ ಬೆಲೆಯಿಲ್ಲ ಅಂತಿದ್ದವನು ಪದವೊಂದನ್ನೇ ಬೆತ್ತಲೆ ನಿಲ್ಲಿಸಿದ್ದ. ಅದು ನನಗೇ ಅಂತ ಕೇಳಿದ ಕೂಡಲೇ ಗೊತ್ತಾಯಿತು. ಎಲ್ಲರೂ ಸುಮ್ಮನೆ ಕೇಳಿದರು, ನೀನೊಬ್ಬ ಮಾತ್ರ ನನ್ನನ್ನು ಚಿಂದಿ ಮಾಡಿದೆ. ಅಷ್ಟೇ ತಾನೇ?

ಆದರೆ ನಾನು ಕ್ವಾಲಿಟಿ ಸೆಕ್ಷನ್ನಿನವನು, ಬಂದ ಮಾಲನ್ನು ಬಂದ ಹಾಗೇ ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಮತ್ತೆ ಕೇಳಿದೆ. ಮಧ್ಯದ ಸಾಲಿನಲ್ಲಿ ‘ಹೊಳೆ’ ಅನ್ನುವುದನ್ನು ಅವನು ‘ಒಳೆ’ ಅಂದಿದ್ದ. ‘ಆಕಾಶ’ವನ್ನು ‘ಹಾಕಾಶ’ ಮಾಡಿದ್ದ. ಅಲ್ಲಿಗೆ ನನಗೆ ದೀಪ ಹತ್ತಿತು. ಹಕಾರ ಇರಬೇಕಾದ ಕಡೆ ಬಿಡುತ್ತಾನೆ, ಇರಬಾರದ ಕಡೆ ಹಾಕುತ್ತಾನೆ. ಅಂದಮೇಲೆ ಕೊನೆಯಲ್ಲಿ ಅಷ್ಟು ಸ್ಪಷ್ಟವಾಗಿ ‘ಹರಿದೆ’ ಅಂತ ಕೇಳುತ್ತಿದೆಯಲ್ಲ, ಅದು ‘ಅರಿದೆ’ ಆಗಿರಲೇಬೇಕು. ಅರಿದೆ, ಹಳೆಯ ಪದ್ಯಗಳಲ್ಲಿ ಬರುವ ಹಾಗೆ, ಅಂದರೆ ಅರಿತೆ, ತಿಳಿದುಕೊಂಡೆ. ಎಲ್ಲರೂ ನನ್ನ ಕೇಳಿದರು, ನೀನೊಬ್ಬನೇ ನನ್ನನ್ನು ಅರಿತುಕೊಂಡೆ. ಹೌದಲ್ಲ, ಅರ್ಥ ಇನ್ನೂ ಚೆನ್ನಾಗಿ ಕೂರುತ್ತದೆ. ‘ಕೇಳುವುದು’, ‘ಅರಿಯುವುದು’ ಒಂದಕ್ಕೊಂದು ಜೋಡಿ ಪದ. ಕೇಳುವುದಕ್ಕೂ ಹರಿಯುವುದಕ್ಕೂ ಏನು ಸಂಬಂಧ? ಹೆಂಡತಿಗೆ ವಿವರಿಸಿದೆ. ಅವಳು ಒಲೆ ಕಡೆಯಿಂದ ತಿರುಗದೆ, ‘ನಿಮ್ಗೆ ಬೇಕಾದ್ದೇ ನಿಮ್ಗೆ ಕೇಳ್ಸುತ್ತೆ’ ಅಂದಳು. ಇವಳಿಗೆ ಈ ಸಂಗೀತದ ಗಂಧವಿಲ್ಲ ಅಂತ ಮತ್ತೆ ಇಯರ್‌ಫೋನ್ ಹಾಕಿಕೊಂಡೆ.

ಭಾನುವಾರ ನರಸೀಪುರದ ಬಸ್ಸು ಹತ್ತಿದೆ. ಬರಿಗೈಲಿ ಹೋಗಬಾರದು ಅಂತ ಒಂದು ಚಿಪ್ಪು ಬಾಳೆಹಣ್ಣು ತಗೊಂಡೆ. ರಸಬಾಳೆ ಅಂತ ಹಣ್ಣಿನವನು ಆಣೆ ಮಾಡಿ ಕೊಟ್ಟ, ನನಗೇನೂ ನಂಬಿಕೆಯಿಲ್ಲ. ದಾರಿಯುದ್ದಕ್ಕೂ ಇಯರ್‌ಫೋನಿನ ಎರಡೂ ಎಳೆ ನನ್ನ ಕಿವಿಯಲ್ಲೇ ಇದ್ದವು, ಆ ಕೊನೆಯ ಸಾಲು ಓಡುತ್ತಲೇ ಇತ್ತು. ಕೇಳಿದಷ್ಟೂ ‘ಅರಿದೆ’ ಗಟ್ಟಿಯಾಗುತ್ತಾ ಹೋಯಿತು. ಬಸ್ಸು ಇಳಿಯುವ ಹೊತ್ತಿಗೆ ನನಗೆ ಖುಷಿಯಾಗಿತ್ತು.

ಅಂಗಡಿಯಲ್ಲಿ ಒಬ್ಬನೇ ಇದ್ದ. ಆಳೆತ್ತರದ ಸ್ಪೀಕರ್ ಡಬ್ಬಗಳ ನಡುವೆ ವೈರು ಸುತ್ತುತ್ತಿದ್ದ. ‘ಬಾ, ಕೂತ್ಕೊ’ ಅಂದ. ಎದುರು ಹೋಟೆಲಿಗೆ ಎರಡು ಟೀ ಅಂತ ಕೈ ಮಾಡಿದ. ಕೋಪವೇನೂ ಕಾಣಲಿಲ್ಲ, ಅದಕ್ಕೇ ನನಗೆ ಧೈರ್ಯ ಬಂತು. ಒಳೆ, ಹಾಕಾಶದಿಂದ ಹಿಡಿದು ಕೊನೆಯ ಸಾಲಿನವರೆಗೆ ನನ್ನ ಲೆಕ್ಕಾಚಾರವನ್ನೆಲ್ಲ ಹೇಳಿದೆ. ನಡುವೆ ಎಲ್ಲೂ ಬಾಯಿ ಹಾಕದೆ ಕೇಳಿದ. ಟೀ ಬಂತು.

‘ಎಷ್ಟ್ ಚೆಂದಾಗ್ ಬುಡ್ಸಿದ್ದೀಯ ಕಣ್ಲಾ’ ಅಂದ. ವೈರನ್ನು ಪಕ್ಕಕ್ಕಿಟ್ಟ. ‘ಅದು ಹರಿದೆ. ಬಟ್ಟೆ ಹರಿದಂಗೆ, ಆ ಹರಿದೆ.’

ಹಕಾರ ನನ್ನಷ್ಟೇ ಚೊಕ್ಕವಾಗಿತ್ತು.

‘ಮಿಕ್ಕಿದ್ ಪದ ಎಂಗಾರಾ ಬರ್ಲಿ ಅಂತ ಬುಟ್ಬುಟ್ಟೆ’ ಅಂದ. ‘ಅದೊಂದ್ನ ಮಾತ್ರ ಅಂಗ್ಡಿ ಬಾಗ್ಲಾಕ್ಕೊಂಡು ಕಲ್ತೆ. ಬಾಯ್ ಮುಂದೆ ಕೈ ಇಟ್ಕೊಂಡು, ಅಂಗೈಗೆ ಉಸ್ರು ತಗುಲ್ತದಾ ಅಂತ ನೋಡ್ಕೊಂಡು. ನೀನು ಪದ ಕೇಳೋನಲ್ವಾ. ನಿಂಗೆ ಸರಿಯಾಗ್ ಕೇಳುಸ್ಬೇಕಿತ್ತು.’

ನನಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೇ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಇಷ್ಟು ದಿನ ಫೋನ್ ಎತ್ತದೆ ನನ್ನನ್ನು ಅಪರಾಧಿ ಮಾಡಿ ಕೂರಿಸಿದ್ದಾನಲ್ಲ ಅಂತ. ‘ಆ ಕಾಮೆಂಟ್ ಬರೆದೋನು ನಾನಲ್ಲ ಕಣೋ’ ಅಂದೆ. ಗಂಟಲು ಒಡೆದುಹೋಗಿತ್ತು.

ಅವನು ಕಣ್ಣು ಮುಚ್ಚಿದ. ತಲೆಯನ್ನು ಸ್ವಲ್ಪ ಓರೆ ಮಾಡಿದ. ‘ಇನ್ನೊಂದ್ಸತಿ ಯೋಳು’ ಅಂದ.

ಈ ಸಲ ನಾನು ಹುಷಾರಾದೆ. ಹೇಗೆ ಹೇಳಿದರೆ ನಂಬುತ್ತಾನೆ ಅಂತ ಯೋಚಿಸಿದೆ. ದನಿ ತಗ್ಗಿಸಿ, ಒಂದೊಂದೇ ಅಕ್ಷರ ಬಿಡಿಸಿ, ನಿಧಾನವಾಗಿ ಹೇಳಿದೆ. ‘ಆ ಕಾಮೆಂಟ್ ಬರೆದವನು ನಾನಲ್ಲ.’ ನಿಜವನ್ನೇ ಹೇಳಿದ್ದೆ. ನನ್ನ ಕಿವಿಗೇ ಅದು ಉರು ಹೊಡೆದು ಒಪ್ಪಿಸಿದ ಪಾಠದ ಹಾಗೆ ಕೇಳಿಸಿತು.

ಅವನು ಕಣ್ಣು ಬಿಟ್ಟ. ‘ಪದ ಎಲ್ಲ ಸರಿಯಾಗವೆ’ ಅಂದ. ಲೋಟವನ್ನು ನನ್ನ ಕಡೆ ಸರಿಸಿದ.

‘ಟೀ ಆರೋಯ್ತದೆ, ಕುಡೀರಿ ಸಾ.’