ಒರಳಿನ ಪ್ರಸ್ಥಾನ

ಮದರಾಸಿಗೆ ಹೋಗಬೇಕಾದವರು ಮೊದಲು ಕೆಂಗೇರಿಗೆ ಹೋದೆವು. ಮದರಾಸು ಇರುವುದು ಪೂರ್ವಕ್ಕೆ, ಕೆಂಗೇರಿ ಪಶ್ಚಿಮಕ್ಕೆ. ಈಗ ಹೇಳಿದರೆ ನನ್ನ ಮೊಮ್ಮಕ್ಕಳು ಬಿದ್ದುಬಿದ್ದು ನಗುತ್ತಾರೆ. ಆ ದಿನ ಮಾತ್ರ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಐವತ್ತರ ದಶಕದ ಕೊನೆಯ ವರ್ಷಗಳು. ನನಗೆ ಹತ್ತೊಂಬತ್ತು. ಮದರಾಸಿನ ಒಂದು ಕಾಲೇಜಿನಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹಾಜರಾಗದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ಕಾಗದದಲ್ಲಿ ಬರೆದಿತ್ತು. ಆ ಸಾಲನ್ನು ತೆಗೆದು ತೆಗೆದು ಓದಿ ಕಾಗದದ ಮಡಿಕೆಯೇ ಹರಿದುಹೋಗಿತ್ತು. ಸೀಟು ತಪ್ಪಿದರೆ ಮುಂದೇನು ಎಂಬುದೂ ನನಗೆ ಗೊತ್ತಿತ್ತು. ಮಾಗಡಿ ಕಡೆಯ ಗಂಡಿನವರು ಆಗಲೇ ಎರಡು ಸಲ ಬಂದು ಉಪ್ಪಿಟ್ಟು ತಿಂದು ಹೋಗಿದ್ದರು.

ಹೊರಡಬೇಕಾದದ್ದು ಸೋಮವಾರ ಸಂಜೆ. ಸೋಮವಾರ ಪೂರ್ವ ದಿಕ್ಕಿಗೆ ಶೂಲೆ, ಆ ಕಡೆಗೆ ಪ್ರಯಾಣ ಕೂಡದು ಎಂದು ಅಜ್ಜಿ, ಎಂದರೆ ಅಪ್ಪನ ತಾಯಿ, ಪಂಚಾಂಗ ತೆರೆಯದೆಯೇ ಹೇಳಿದಳು. ಪರಿಹಾರವೂ ಅವಳ ಬಳಿಯೇ ಇತ್ತು. ಅದು ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ, ಪ್ರಯಾಣ ಮಾಡುವವರ ಸಾಮಾನೊಂದನ್ನು ಮುಂಚಿತವಾಗಿ ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆ ದಿನವೇ ಶುರುವಾದಂತೆ. ಆಮೇಲೆ ಯಾವ ವಾರ ಹೊರಟರೂ ದೋಷವಿಲ್ಲ. ಆದರೆ ಹೋಗುವವರು ಆ ಮನೆಗೆ ಹೋಗಿ, ಆ ಸಾಮಾನನ್ನು ಎತ್ತಿಕೊಂಡೇ ಹೊರಡಬೇಕು. ಅದು ತಿರುಗಿ ಮನೆಗೆ ಬರಕೂಡದು.

ಉಳಿದವರು ಇದಕ್ಕೆ ಒಂದು ರವಿಕೆ ಕಣವನ್ನೋ, ಅರಿಶಿನದ ಕೊಂಬು ಕಟ್ಟಿದ ಗಂಟನ್ನೋ ಪಕ್ಕದ ಮನೆಯಲ್ಲಿ ಇಡುತ್ತಾರೆ. ನಮಗೆ ಪಕ್ಕದ ಮನೆಯೇ ಇರಲಿಲ್ಲ. ರಾಜಾಜಿನಗರ ಆಗ ಹೊಸ ಬಡಾವಣೆ. ನಮ್ಮ ರಸ್ತೆಯಲ್ಲಿ ಒಲೆ ಹೊತ್ತುತ್ತಿದ್ದ ಮನೆ ನಮ್ಮದೊಂದೇ, ಉಳಿದವೆಲ್ಲ ಕಲ್ಲು ನೆಟ್ಟ ಸೈಟುಗಳು. ಆದ್ದರಿಂದ ಕೆಂಗೇರಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ತನ್ನ ತಮ್ಮನ ಮನೆಯನ್ನು ಅಜ್ಜಿ ಗೊತ್ತುಮಾಡಿದಳು. ಇಡುವುದಕ್ಕೆ ಅವಳು ಆರಿಸಿದ ಸಾಮಾನು ಒರಳುಕಲ್ಲು. ಅಮ್ಮ ಚಟ್ನಿ ರುಬ್ಬುತ್ತಿದ್ದ ಮರಿ ಒರಳು, ಗುಂಡು ಸಮೇತ.

"ಹಾಸ್ಟೆಲ್‌ಗೆ ಒರಳು ಯಾಕಜ್ಜಿ?" ಎಂದೆ.

"ಹಗುರದ್ದು ಇಟ್ರೆ ಪ್ರಯಾಣಾನೂ ಹಗುರ ಆಗುತ್ತೆ ಕಣೇ. ಭಾರದ್ದು ಇಟ್ರೆ ಕೆಲಸ ಗಟ್ಟಿ ನಿಲ್ಲುತ್ತೆ. ಅಲ್ಲದೆ ಅವರು ಯಾತರಲ್ಲಿ ರುಬ್ತಾರೋ ಏನೋ."

ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಪಂಚಾಂಗ ಕಂಡರೆ ತಮಾಷೆ ಮಾಡುವವರು. ಅವರು ಇದಕ್ಕೆ ತಡೆ ಹಾಕುತ್ತಾರೆಂದು ಕಾದೆ. ಅವರು ನಕ್ಕು, "ಆಗ್ಲಿ ಬಿಡಮ್ಮ, ಒರಳೇ ಇಡೋಣ. ನಾನೇ ಹೊತ್ಕೋತೀನಿ" ಎಂದರು. ಬುಧವಾರ, ಮಾರ್ಕೆಟ್ಟಿಗೆ ಸೊಪ್ಪು ತಂದಿದ್ದ ಕೆಂಗೇರಿಯ ಎತ್ತಿನ ಗಾಡಿ ನಮ್ಮ ಮನೆಗೆ ಬಂದು, ನನಗಿಂತ ಐದು ದಿನ ಮೊದಲೇ ಒರಳನ್ನು ಪ್ರಯಾಣ ಹೊರಡಿಸಿಕೊಂಡು ಹೋಯಿತು.

ಸೋಮವಾರ ಬೆಳಿಗ್ಗೆ ಅಮ್ಮನನ್ನು ಮನೆಯಲ್ಲಿ ಬಿಟ್ಟು ಅಪ್ಪ, ಅಜ್ಜಿ, ನಾನು, ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ ಬಸ್ಸಿನಲ್ಲಿ ಕೆಂಗೇರಿ ಸೇರಿದೆವು. ಅಲ್ಲಿ ಒರಳು ದೇವರ ಮೂಲೆಯಲ್ಲಿ ಕೂತಿತ್ತು. ಕುಂಕುಮ ಹಚ್ಚಿ, ದಾಸವಾಳ ಮುಡಿಸಿದ್ದರು. ಕೆಂಗೇರಿ ಅಜ್ಜ ಅದರ ಮುಂದೆ ಕಾಯಿ ಒಡೆದರು, ಆಮೇಲೆ ನನ್ನಿಂದ ಅದಕ್ಕೆ ಮೂರು ಸುತ್ತು ಹಾಕಿಸಿದರು. ಚಟ್ನಿ ರುಬ್ಬುವ ಕಲ್ಲಿಗೆ ಪ್ರದಕ್ಷಿಣೆ ಹಾಕಿ ಟೀಚರ್ ಆಗಲು ಹೊರಟವಳು ಮೈಸೂರು ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಮಧ್ಯಾಹ್ನದ ಪ್ಯಾಸೆಂಜರ್ ಹಿಡಿದು ಸಿಟಿ ಸ್ಟೇಷನ್ನಿಗೆ ಬರುವುದು, ಅಲ್ಲಿಂದ ಊರು ದಾಟಿ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗುವುದು ಎಂದು ಲೆಕ್ಕ. ಹೈಸ್ಕೂಲಿನಲ್ಲಿ ನನಗೆ ಪಾಠ ಹೇಳಿದ ಮೇಡಂ ಮದರಾಸಿಗೆ ಹೊರಟಿದ್ದರು. ಅವರ ಜೊತೆಯಲ್ಲಾದರೆ ಮಾತ್ರ ಕಳಿಸುವುದೆಂದು ತೀರ್ಮಾನವಾಗಿತ್ತು. ಅವರ ಮನೆ ಕಂಟೋನ್ಮೆಂಟಿನಲ್ಲಿದ್ದದ್ದರಿಂದ ಟಿಕೆಟ್ಟನ್ನು ಅಲ್ಲಿಂದಲೇ ತೆಗೆಸಿದ್ದರು. ಎರಡೂ ಟಿಕೆಟ್ಟು ಅವರ ಕೈಚೀಲದಲ್ಲಿದ್ದವು.

ಪ್ಯಾಸೆಂಜರ್ ಒಂದೂವರೆ ಗಂಟೆ ತಡವಾಗಿ ಬಂತು. ಒರಳನ್ನು ಸೀಟಿನ ಕೆಳಗೆ ತಳ್ಳಿದರೆ ಹೋಗಲಿಲ್ಲ. ಕಾಲ ಹತ್ತಿರ ಇಟ್ಟರೆ ಪ್ರತಿ ತಿರುವಿಗೂ ಗುಂಡು ಉರುಳಿ ಯಾರದಾದರೂ ಕಾಲ ಮೇಲೆ ಬೀಳುತ್ತಿತ್ತು. ಕೊನೆಗೆ ಅಜ್ಜಿ ಗುಂಡನ್ನು ಮಡಿಲಲ್ಲಿಟ್ಟು ಸೆರಗು ಹೊದಿಸಿ ಕೂತಳು. ಎದುರಿಗಿದ್ದ ಹೆಂಗಸು ಮೆಲ್ಲಗೆ, "ಮಗೂಗೆ ಎಷ್ಟು ತಿಂಗಳು?" ಎಂದು ಕೇಳಿದಳು.

"ಇದು ಕಲ್ಲು ಕಣಮ್ಮ" ಎಂದಳು ಅಜ್ಜಿ. ಆ ಹೆಂಗಸು ಮೆಲ್ಲಗೆ ಕಿಟಕಿಯ ಕಡೆಗೆ ಸರಿದು ಕೂತಳು.

ಸಿಟಿ ಸ್ಟೇಷನ್ನಿನಲ್ಲಿ ಇಳಿದಾಗ ಕಂಡದ್ದೇನು? ನಾನು ಹೋಗಬೇಕಾದ ಮದರಾಸಿನ ಮೇಲ್ ಅಲ್ಲೇ ನಿಂತಿತ್ತು. ಅದು ಹೊರಡುವುದೇ ಇಲ್ಲಿಂದ, ಕಂಟೋನ್ಮೆಂಟ್ ಅದಕ್ಕೆ ಮುಂದಿನ ನಿಲ್ದಾಣ. ಹೊರಡುವುದಕ್ಕೆ ಇನ್ನು ಮುಕ್ಕಾಲು ಗಂಟೆ ಇತ್ತು.

"ಇಲ್ಲೇ ಹತ್ಸಿಬಿಡೋ. ಟಿಕೆಟ್ಟು ಮುಂದಿನ ಸ್ಟೇಷನ್‌ನಲ್ಲಿ ಬರುತ್ತೆ ಅಂತ ಹೇಳಿದ್ರಾಯ್ತು" ಎಂದಳು ಅಜ್ಜಿ.

"ಟಿಕೆಟ್ಟಿಲ್ದೆ ಹತ್ತೋದೇನಮ್ಮ? ಸರ್ಕಾರಿ ನೌಕರನ ಮಗಳು ಅವಳು" ಎಂದರು ಅಪ್ಪ. ಅವರು ದಿನವೂ ಕಚೇರಿಯಿಂದ ಪೆನ್ಸಿಲ್ಲು ತರುತ್ತಿದ್ದದ್ದು ನನಗೆ ನೆನಪಾಯಿತು. ಹತ್ತಬೇಕಾದ ರೈಲಿನ ಬಾಗಿಲುಗಳನ್ನು ಒಂದೊಂದಾಗಿ ದಾಟಿಕೊಂಡು, ಅದನ್ನೇ ಹಿಡಿಯುವುದಕ್ಕೆಂದು ನಾವು ಹೊರಗೆ ಓಡಿದೆವು. ಕೂಲಿಯವನು ಒರಳಿಗೆ ಕೈ ಹಾಕಿದರೆ ಅಪ್ಪ ಬಿಡಲಿಲ್ಲ. ಟ್ರಂಕು ಕೊಟ್ಟರು, ಒರಳನ್ನು ತಾವೇ ಹೊತ್ತರು. ಎರಡು ಹೆಜ್ಜೆ ಇಡುವುದು, ನಿಂತು ಸುಧಾರಿಸಿಕೊಳ್ಳುವುದು. ಮುದುಕಿಯ ಮೂಢನಂಬಿಕೆಗೆ ಪಾಪ ಇವರು ಸವೆಯುತ್ತಿದ್ದಾರಲ್ಲ ಎಂದು ನಾನು ಅಜ್ಜಿಯನ್ನು ಮನಸ್ಸಿನಲ್ಲೇ ಬೈದೆ.

ಜಟಕಾ ಸಾಬರು ಒರಳನ್ನು ಹಿಂದೆ ಇಡಿಸಿದರು. ಇಟ್ಟ ತಕ್ಷಣ ಕುದುರೆಗೆ ಕಟ್ಟಿದ ಮೂಕಿಮರ ಮೇಲೆದ್ದು ಕುದುರೆ ಮುಂಗಾಲೆತ್ತಿತು. ಮುಂದೆ ಇಟ್ಟರೆ ಕುದುರೆಯ ಬೆನ್ನ ಮೇಲೆ ಭಾರ ಬಿದ್ದು ಅದು ನಡೆಯಲೊಲ್ಲದು. "ಏರು ಬಂದ್ರೆ ಕಲ್ಲು ಮುಂದೆ ತಗೊಳ್ಳಿ ಸಾಮಿ, ಇಳಿಜಾರು ಬಂದ್ರೆ ಹಿಂದೆ ತಳ್ಳಿ" ಎಂದರು ಸಾಬರು. ಆನಂದರಾವ್ ಸರ್ಕಲ್ಲು, ರೇಸ್‌ಕೋರ್ಸು, ಹೈಗ್ರೌಂಡ್ಸು, ಎಲ್ಲೆಲ್ಲೂ ಏರು, ಎಲ್ಲೆಲ್ಲೂ ಇಳಿಜಾರು. ಬೆಂಗಳೂರು ಅಷ್ಟು ಉಬ್ಬುತಗ್ಗಿನ ಊರೆಂದು ನನಗೆ ಗೊತ್ತಾದದ್ದೇ ಅಂದು. "ಮುಂದೆ" ಎಂದು ಸಾಬರು ಕೂಗಿದರೆ ಮೂರು ಜನ ಒರಳನ್ನು ಮುಂದೆ ಎಳೆಯುವುದು, "ಹಿಂದೆ" ಎಂದರೆ ಹಿಂದೆ ತಳ್ಳುವುದು. ಹೈಗ್ರೌಂಡ್ಸಿನ ಹತ್ತಿರ ಅಪ್ಪ ಗಾಡಿ ನಿಲ್ಲಿಸಿ, ಗುಂಡಿಗೆ ಸುತ್ತಿದ ಬಟ್ಟೆ ಸಡಿಲವಾಗಿದೆ ಎಂದು ಬಿಚ್ಚಿ ಮತ್ತೆ ಕಟ್ಟಿದರು. ಕುದುರೆ ಹುಲ್ಲು ಮೇಯಿತು. ನಾನು ಅತ್ತುಬಿಟ್ಟೆ.

ಕಂಟೋನ್ಮೆಂಟ್ ಸ್ಟೇಷನ್ನಿಗೆ ನುಗ್ಗುವಾಗ ಮೇಲ್ ಬಂದು ನಿಂತಾಗಿತ್ತು. ಮೇಡಂ ಹೆಂಗಸರ ಡಬ್ಬಿಯ ಬಾಗಿಲಲ್ಲಿ ನಿಂತು ಜೋರಾಗಿ ಕೈ ಬೀಸುತ್ತಿದ್ದರು. ಅಪ್ಪ ನನ್ನನ್ನೂ ಬಿಟ್ಟು, ಟ್ರಂಕನ್ನೂ ಬಿಟ್ಟು, ಮೊದಲು ಒರಳನ್ನು ಎತ್ತಿದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಎದೆಗೆ ಕಲ್ಲು ಅವಚಿಕೊಂಡು ನಿಂತರು. ಒಳಗಿದ್ದ ಹೆಂಗಸರು ಕಲ್ಲು ಬೇಡವೆಂದು ಗಲಾಟೆ ಮಾಡಿದರು. ಅಪ್ಪ ಒಳಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಅವರು ದಾರಿ ಬಿಡದೆ ನಾನು ಹತ್ತುವಂತಿರಲಿಲ್ಲ. ಗಾರ್ಡು ಸೀಟಿ ಊದಿದ.

"ಬಿಡೋ ಅದನ್ನ" ಎಂದಳು ಅಜ್ಜಿ.

"ಹೇಗಮ್ಮ ಬಿಡೋದು? ಪ್ರಸ್ಥಾನ ಇಟ್ಟಿರೋದು. ಇದನ್ನ ಬಿಟ್ಟು ಹೋಗೋ ಹಾಗಿಲ್ಲ ಅಂತ ನೀನೇ ಹೇಳಿದ್ಯಲ್ಲ." ಅಪ್ಪ ಕಲ್ಲನ್ನು ಇನ್ನೂ ಬಿಗಿಯಾಗಿ ಅವಚಿಕೊಂಡರು. "ಇವತ್ತು ಬೇಡ. ಇನ್ನೊಂದು ಒಳ್ಳೆ ದಿನ ನೋಡಿದ್ರಾಯ್ತು."

ಪಂಚಾಂಗವನ್ನು ಲೇವಡಿ ಮಾಡುತ್ತಿದ್ದ ಅಪ್ಪ ಒಳ್ಳೆಯ ದಿನ ಎಂದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು. ಅವರ ಮುಖ ನೋಡಿದೆ. ತಮಾಷೆ ಇರಲಿಲ್ಲ. ಕಣ್ಣು ತುಂಬಿಕೊಂಡಿತ್ತು. ಕೂಲಿಯವನಿಗೆ ಒರಳು ಕೊಡದಿದ್ದದ್ದು, ಹೈಗ್ರೌಂಡ್ಸಿನಲ್ಲಿ ಗಾಡಿ ನಿಲ್ಲಿಸಿದ್ದು, ಎಲ್ಲ ಒಟ್ಟಿಗೆ ಅರ್ಥವಾಗಿ ನನ್ನ ಸಿಟ್ಟು ಜರ್ರೆಂದು ಇಳಿದುಹೋಯಿತು. ಸಂಕಟವಾಯಿತು. ಒಂದು ಗಳಿಗೆ, ಹೋಗುವುದು ಬೇಡ ಎಂದೇ ಅನ್ನಿಸಿತು.

ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋದಳು. ಒರಳಿನ ಕೆಳಗೆ ಹೆಣೆದುಕೊಂಡಿದ್ದ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. "ನಂಗೊತ್ತು ಕಣೋ. ನನ್ ಕೈಲೂ ಆಗ್ತಾ ಇಲ್ಲ. ಹೋಗ್ಲಿ ಬಿಡು ಅವಳು" ಎಂದಳು.

ಕಲ್ಲು ಪ್ಲಾಟ್‌ಫಾರಮ್ಮಿನ ಮೇಲೆ ಧೊಪ್ಪನೆ ಬಿತ್ತು. ಯಾರೋ ನನ್ನನ್ನು ಒಳಕ್ಕೆ ಎಳೆದುಕೊಂಡರು, ಹಿಂದೆಯೇ ಟ್ರಂಕು, ಹಾಸಿಗೆ ಸುರುಳಿ ಬಂದವು. ರೈಲು ಕದಲಿದಾಗ ಅಪ್ಪ ಜೊತೆಯಲ್ಲೇ ಎರಡು ಹೆಜ್ಜೆ ಹಾಕಿದರು. ಅಜ್ಜಿ ಅವರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನನಗೆ ಕಾಣುವವರೆಗೂ ಹಿಡಿದುಕೊಂಡೇ ಇದ್ದಳು.