‘ಸ್ಥಳಾಂತರ’ ಎಂದು ನಾನು ಬರೆದ ಹೆಸರು

ಹಿಂದೊಂದು ವಿಧಾನಸಭಾ ಚುನಾವಣೆಯ ಹೊತ್ತಿಗೆ ನಾನು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಜೊತೆಗೆ ಬಿಎಲ್‌ಒ, ಅಂದರೆ ಒಂದು ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಹೊಣೆ.

ಪಟ್ಟಿ ಪರಿಷ್ಕರಣೆ ನಡೆದಿದ್ದಾಗ ಹನ್ನೊಂದು ಹೆಸರು ತೆಗೆಯಬೇಕೆಂದು ನಮೂನೆ 7ರ ಅರ್ಜಿಗಳು ಬಂದವು. ಎಲ್ಲವೂ ಒಂದೇ ಓಣಿಯ ಮುಸ್ಲಿಮರ ಹೆಸರು. ಸಹಿ ಅದೇ ಓಣಿಯ ಅಂಗಡಿಕಾರ ರುದ್ರೇಶಪ್ಪನವರದು. ವಿಚಾರಿಸಲು ಹೋದಾಗ ಹತ್ತು ಜನ ಮನೆಯಲ್ಲೇ ಸಿಕ್ಕರು. ಅವರ ಮೇಲಿನ ಅರ್ಜಿಗಳು ಬಿದ್ದುಹೋದವು. ಹನ್ನೊಂದನೆಯವರು ನಮ್ಮ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದ ಹಾಜಿರಾಬಿ. ಮನೆಗೆ ಬೀಗ ಹಾಕಿತ್ತು. ಎದುರಂಗಡಿಯಲ್ಲಿದ್ದ ರುದ್ರೇಶಪ್ಪನವರನ್ನೇ ಕೇಳಿದೆ.

“ಜಗಳೂರಿಗೆ ಮಗಳ ಮನೆಗೆ ಹೋದ್ರು. ಇನ್ನ ಬರಲ್ಲ ಬಿಡ್ರಿ ಟೀಚರ್.”

ಬಾಗಿಲಿಗೆ ನೋಟಿಸ್ ಅಂಟಿಸಿದೆ. ಇನ್ನೊಂದು ಸಲ ಹೋಗಬೇಕಿತ್ತು. ಶಾಲೆಯ ಕೆಲಸದ ನೆಪದಲ್ಲಿ ಹೋಗಲಿಲ್ಲ. ವರದಿಯಲ್ಲಿ ‘ಸ್ಥಳಾಂತರ’ ಎಂದು ಬರೆದು ಸಹಿ ಹಾಕಿದೆ.

ಮತದಾನದ ದಿನ ಮತಗಟ್ಟೆಯ ಹೊರಗೆ ಪಟ್ಟಿ ಹಿಡಿದು ಕೂತಿದ್ದ ನನ್ನ ಬಳಿಗೆ ಹಾಜಿರಾಬಿ ಗುರುತಿನ ಚೀಟಿ ಹಿಡಿದು ಬಂದರು. ಹೆಸರಿರಲಿಲ್ಲ.

“ಮಗಳ ಬಾಣಂತನ ಮಾಡಾಕೆ ಹೋಗಿದ್ದೆ. ಅಷ್ಟಕ್ಕೇ ಊರು ಬಿಟ್ಟಂಗಾ? ಯಾರು ಹಿಂಗೆ ಬರೆದೋರು?”

“ನಾನೇ,” ಎಂದೆ. ಸುಳ್ಳು ಹೇಳುವ ಧೈರ್ಯವೂ ಉಳಿದಿರಲಿಲ್ಲ. ಅರ್ಜಿ ಯಾರದೆಂದೂ ಹೇಳಿದೆ.

ಸಾಲಿನಲ್ಲಿ ನಿಂತಿದ್ದ ರುದ್ರೇಶಪ್ಪನವರ ಕಡೆ ಅವರು ತಿರುಗಿದರು. “ಅಣ್ಣಾ, ಊರಿಗೆ ಹೋಗುವಾಗ ಅಂಗಡಿ ಕೀಲಿ ನನ್ನ ಕೈಗೇ ಕೊಡ್ತಿದ್ರಲ್ಲ. ಆವಾಗ ನಾನು ಈ ಊರೋಳಾಗಿದ್ನಾ?”

“ಅದು ಬೇರೆ, ಇದು ಬೇರೆ ಕಣಮ್ಮ,” ಎಂದು ಅವರು ಮುಖ ತಿರುಗಿಸಿದರು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಹಾಜಿರಾಬಿ ಮತ ಹಾಕದೆ ಹೊರಟುಹೋದರು.

ಚುನಾವಣೆ ಮುಗಿದ ಮೇಲೆ ಹೆಸರು ಸೇರಿಸುವ ನಮೂನೆ 6 ಹಿಡಿದು ಅವರ ಮನೆಗೆ ಹೋದೆ. ಅದು ಹೊಸ ಮತದಾರರ ಅರ್ಜಿ. ಅವರಿಗೆ ಅರವತ್ತು ದಾಟಿತ್ತು. ರೇಷನ್ ಕಾರ್ಡು, ಆಧಾರ್, ಗಂಡನ ಮರಣಪತ್ರ ಎಲ್ಲವನ್ನೂ ಚಾಪೆಯ ಮೇಲೆ ಹರವಿದರು. “ಇನ್ನೇನು ಬೇಕ್ರಿ? ನಮ್ಮಪ್ಪನ ಗೋರಿ ತೋರ್ಸಾಕೆ ಬರ್ಲಾ?” ಎಂದರು. ನಾನು ತಲೆ ತಗ್ಗಿಸಿ ಅರ್ಜಿ ತುಂಬಿದೆ.

ಹೆಸರು ಮರಳಿ ಬಂತು. ದೂರು ಕೊಟ್ಟವರನ್ನೇ ಸಾಕ್ಷಿ ಕೇಳಬಾರದು ಎಂಬುದು ನನಗೆ ಮೊದಲೇ ಗೊತ್ತಿರಬೇಕಿತ್ತು. ನನಗೆ ಗೊತ್ತಿಲ್ಲದಿದ್ದ ಪಾಠವೇ ಬೇರೆ: ಹೊಡೆದುಹಾಕಿದ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಬಹುದು, ಆ ಮನುಷ್ಯರ ನಿಶ್ಚಿಂತೆಯನ್ನು ಸೇರಿಸುವ ನಮೂನೆ ಯಾವ ಕಚೇರಿಯಲ್ಲೂ ಇಲ್ಲ. ನಾನು ನಿವೃತ್ತಳಾಗುವವರೆಗೂ ಪ್ರತಿ ಸಲ ಹೊಸ ಪಟ್ಟಿ ಬಂದಾಗ ಹಾಜಿರಾಬಿ ಶಾಲೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು:

“ಈ ಸಲ ಇದೀನೇನ್ರಿ ಟೀಚರ್?”