ಸೆವೆರಿನ್‌ನ ಒಂದೂವರೆ ಗಂಟೆ

ಓಬರ್‌ಗ್ರುಂಟ್‌ನಲ್ಲಿ ಭಾನುವಾರ ಸಂಜೆಯೆಂದರೆ ಸೆವೆರಿನ್ ಕ್ಲೋಟ್ಸ್‌ನ ದರ್ಬಾರು. ರಜೆಗೆ ಬಂದಿಳಿದವರೆಲ್ಲ ಅವನ ಹೆಂಡತಿ ಬುರ್ಗಿಯ ವಸತಿಗೃಹದಲ್ಲಿ ಉಂಡು ಕೂತಿರುತ್ತಿದ್ದರು. ಸೆವೆರಿನ್ ಬಿಯರ್ ಲೋಟಗಳನ್ನು ಪಕ್ಕಕ್ಕೆ ಸರಿಸಿ, ನಕ್ಷೆ ಹರಡಿ, ಅವರ ವಾರಭವಿಷ್ಯ ಹೇಳುತ್ತಿದ್ದ. ಜಾತಕದ ಬದಲು ಮೊಣಕಾಲು ನೋಡುತ್ತಿದ್ದ, ಅಷ್ಟೇ ವ್ಯತ್ಯಾಸ. ಹೊಸದಾಗಿ ಮದುವೆಯಾದವರಿಗೆ ಯಾರೂ ಸುಳಿಯದ ಕೊಳದ ದಾರಿ. ಮದುವೆಯಾಗಿ ಬಹಳ ಕಾಲವಾದವರಿಗೆ ಒಬ್ಬರ ಹಿಂದೊಬ್ಬರು ನಡೆಯಬೇಕಾದ, ಮಾತಾಡಲು ಆಸ್ಪದವಿಲ್ಲದ ಕಿರುದಾರಿ. ಹೊಟ್ಟೆ ಮುಂದಿರುವವರಿಗೆ ತಿರುವಿಗೊಂದು ತಿಂಡಿಯ ಮನೆ.

ಸೋಮವಾರದ ನಡಿಗೆಗೆ ಮಾತ್ರ ಅವನೇ ಮುಂದಾಳು. ರೋಪ್‌ವೇಯಲ್ಲಿ ಮೇಲೇರಿ, ಅಲ್ಲಿಂದ ಕಾಲ್ನಡಿಗೆಯಲ್ಲಿ ದನ ಮೇಯುವ ಕರಿಹಟ್ಟಿಗೆ. ನಮ್ಮ ಬೆಟ್ಟಗಳಲ್ಲಿ ದಾರಿಯ ಹಳದಿ ಫಲಕ ದೂರ ಹೇಳುವುದಿಲ್ಲ, ಹೊತ್ತು ಹೇಳುತ್ತದೆ. ಇಲ್ಲಿಯದು 'ಒಂದೂವರೆ ಗಂಟೆ' ಎನ್ನುತ್ತಿತ್ತು. ಅದು ಸೆವೆರಿನ್‌ನದೇ ಕೂಸು. ಹರೆಯದಲ್ಲಿ ಊರಿನವರು ಅವನನ್ನೇ ನಡೆದು ನೋಡಿ ಬಾ ಎಂದು ಕಳಿಸಿದ್ದರು. ಕಣಿವೆಯಾಚೆಯ ಉಂಟರ್‌ಗ್ರುಂಟ್‌ನಿಂದಲೂ ಅದೇ ಹಟ್ಟಿಗೆ ಅಷ್ಟೇ ಏರಿನ ದಾರಿಯಿದೆ. ಅವರು ಆಗಲೇ ಎರಡು ಗಂಟೆ ಎಂದು ಬರೆಸಿಬಿಟ್ಟಿದ್ದರು. ನಮ್ಮ ಕಾಲು ಅವರ ಕಾಲಿಗಿಂತ ಕಡಿಮೆಯೇ? ಸೆವೆರಿನ್ ಓಡಿದ. ಮೇಲೆ ಮುಟ್ಟಿ ಅವನು ವಾಂತಿ ಮಾಡಿಕೊಂಡದ್ದು ಹಸುಗಳಿಗೆ ಮಾತ್ರ ಗೊತ್ತು.

ಆಮೇಲೆ ಬಂದ ಅತಿಥಿಗಳೆಲ್ಲ ತಡವಾಗಿ, ಏದುಸಿರು ಬಿಡುತ್ತ ಹಟ್ಟಿ ಸೇರಿದರು. "ಪಟ್ಟಣದ ಕಾಲು, ಪಾಪ" ಎಂದು ಸೆವೆರಿನ್ ನಗುತ್ತಿದ್ದ. ಊರಿನ ನಾವೂ ಆ ಹೊತ್ತಿಗೆ ಎಂದೂ ಮುಟ್ಟಿದವರಲ್ಲ. ದಾರಿಯಲ್ಲಿ ಹಣ್ಣು ಕೀಳುತ್ತ ನಿಂತೆವು ಎಂದು ಹೇಳಿಕೊಳ್ಳುತ್ತಿದ್ದೆವು, ಹಣ್ಣಿಲ್ಲದ ಕಾಲದಲ್ಲೂ.

ಈ ಆಗಸ್ಟ್‌ನ ಒಂದು ಸೋಮವಾರ, ಕೊನೆಯ ರೋಪ್‌ವೇಗೆ ಫಲಕದ ಲೆಕ್ಕದಷ್ಟೇ ಹೊತ್ತಿರುವಾಗ, ಸೆವೆರಿನ್ ಹಟ್ಟಿಯಿಂದ ಹಿಂದಿರುಗಲು ಹೊರಟ. ಅರ್ಧ ದಾರಿಯಲ್ಲಿ ಮುಂದಾಳು ಎಲ್ಲರಿಗಿಂತ ಹಿಂದುಳಿದಿದ್ದ. ಅತಿಥಿಗಳು ಅವನಿಗಾಗಿ ಕಾದರು. ರೋಪ್‌ವೇ ಯಾರಿಗೂ ಕಾಯಲಿಲ್ಲ. ಮಬ್ಬುಗತ್ತಲಲ್ಲಿ ಕಾಡುದಾರಿ ಹಿಡಿದು ಇಳಿಯುವಾಗ ಹ್ಯಾನೋವರ್‌ನ ಹೆಂಗಸೊಬ್ಬಳು ಜಾರಿಬಿದ್ದು ಮಣಿಕಟ್ಟು ಊದಿಸಿಕೊಂಡಳು.

ಮರುದಿನ ಪ್ರವಾಸಿ ಕಚೇರಿಗೆ ಬಂದು ಹೋಗುವಂತೆ ಸೆವೆರಿನ್‌ಗೆ ಕರೆ ಬಂತು. ಅಲ್ಲಿಯ ಮುಖ್ಯಸ್ಥೆ ವೆರೆನಾ, ಸೆವೆರಿನ್‌ನ ತಮ್ಮನ ಮಗಳು.

"ದೊಡ್ಡಪ್ಪ, ಆ ಹೆಂಗಸು ಏನ್ ಬರ್ದಿದ್ದಾರೆ ಓದ್ಲಾ?"

"ಬೇಡಮ್ಮ. ದಾರಿಯುದ್ದಕ್ಕೂ ಬಾಯಲ್ಲೇ ಹೇಳಿದ್ರು."

"ಹಾಗಾದ್ರೆ ಒಂದೇ ಮಾತು. ಫಲಕ ತಪ್ಪಾ, ನಿನ್ನ ಕಾಲು ತಪ್ಪಾ? ಫಲಕ ಅನ್ನು, ಎರಡೂಕಾಲು ಅಂತ ಬರೆಸ್ತೀನಿ, ಸೋಮವಾರ ನಿಂದೇ ಇರುತ್ತೆ. ಕಾಲು ಅಂದ್ರೆ ನಾನು ಬೇರೆಯವರನ್ನ ಹಾಕ್ಲೇಬೇಕು."

"ಎರಡೂಕಾಲಾ? ಆಚೆ ಊರಿನೋರಿಗಿಂತ ಜಾಸ್ತಿನಾ?"

"ಅಯ್ಯೋ ದೊಡ್ಡಪ್ಪ, ಆ ಊರಿನೋರಿಗೆ ಇದೇ ಕೆಲಸಾನಾ?"

ಅವರಿಗೆ ಇದೇ ಕೆಲಸ ಎಂದು ಸೆವೆರಿನ್‌ಗೆ ಖಾತ್ರಿಯಿತ್ತು. ಊರಿಗೆ ಊರೇ ಬೆಂಚಿನ ಮೇಲೆ ಸಾಲಾಗಿ ಕೂತು ನಗುವುದು ಕಣ್ಣಿಗೆ ಕಟ್ಟಿತು. ವೆರೆನಾ ಪೆನ್ನು ಹಿಡಿದು ಕಾದಳು.

"ಕಾಲು" ಎಂದ.

ಮನೆಯಲ್ಲಿ ಬುರ್ಗಿ ಕೇಳಿ, ಹಿಟ್ಟು ಮೆತ್ತಿದ ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಳು. "ತಲೆಗೆ ಬಂದಿರೋ ರೋಗಾನ ಕಾಲಿನ ಮೇಲೆ ಯಾಕಪ್ಪಾ ಹಾಕ್ತೀಯ? ಸೋಮವಾರ ಬಿಟ್ರೆ ನಿಂಗಿನ್ನೇನಿದೆ?"  ಹೇಳಿದವಳೇ ಹಿಟ್ಟು ನಾದಲು ಹೋದಳು.

ದನಗಳು ಬೆಟ್ಟದಿಂದ ಇಳಿದ ಮೇಲೆ ಸೆವೆರಿನ್‌ಗೆ ಬೀಳ್ಕೊಡುಗೆಯಾಯಿತು. ಊರಿನ ವಾದ್ಯದವರು ನುಡಿಸಿದರು, ವೆರೆನಾ ಎದೆಗೊಂದು ಬೆಳ್ಳಿ ಬಿಲ್ಲೆ ಚುಚ್ಚಿದಳು. ಸೋಮವಾರಕ್ಕೆ ಆಗಲೇ ಬೇರೊಬ್ಬ ಬಂದಿದ್ದ. ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದವನು ಉಂಟರ್‌ಗ್ರುಂಟ್‌ನ ಮುಂದಾಳು ಏಗಿಡ್. ಆ ಊರಿನ ಎರಡು ಗಂಟೆಯನ್ನು ನಡೆದು ಗೊತ್ತುಮಾಡಿದವನು. ಮುಗಿದ ಮೇಲೆ ಅವನು ಎರಡು ಗ್ಲಾಸು ಶ್ನಾಪ್ಸ್ ಸಾರಾಯಿ ಹಿಡಿದು ಬಂದ.

"ಏನೋ ಸೆವೆರಿನ್, ಕಾಲು ಕೈಕೊಡ್ತಂತೆ?"

"ನಮ್ಮ ಫಲಕ ಸುಮ್ನೆ ಅಲ್ಲಪ್ಪ. ನಿಮ್ದಾದ್ರೆ ಎರಡು ಗಂಟೆ, ತೆವಳ್ಕೊಂಡಾದ್ರೂ ಹೋಗ್ಬೋದು."

"ಎಲ್ಲಿಯ ಎರಡು? ಹೋದ ವರ್ಷವೇ ಎರಡೂಮುಕ್ಕಾಲು ಮಾಡಿಸಿದ್ವಿ. ನಾನೇ ಹೇಳಿ ಮಾಡಿಸ್ದೆ. ಅವತ್ತು ಓಡಿದ್ದೆ ಕಣೋ ನಾನು, ನಡೆದಿರ್ಲಿಲ್ಲ."

ಸೆವೆರಿನ್ ಗ್ಲಾಸನ್ನು ಮೇಜಿನ ಮೇಲಿಟ್ಟ. "ಯಾರೂ ನಗಲಿಲ್ವಾ?"

"ನಗೋಕೆ ಯಾರು ನೋಡಿದ್ರು? ನೀನೊಬ್ಬ ಬಂದು ನಗ್ತೀಯ ಅಂತ ಅಂದ್ಕೊಂಡಿದ್ದೆ. ನೀನು ನಮ್ಮ ಕಡೆ ತಲೆಯೇ ಹಾಕ್ಲಿಲ್ಲ."

ನಿಜ. ಹಟ್ಟಿಯಿಂದಾಚೆಗೆ ಆ ದಾರಿಯನ್ನು ಅವನು ಕಣ್ಣೆತ್ತಿಯೂ ನೋಡಿರಲಿಲ್ಲ, ಅದೊಂದು ಹಠ.

"ನಿನ್ನ ಸೋಮವಾರ?" ಎಂದು ಕೇಳಿದ.

"ನಂದೇ ಇದೆ. ನಿಧಾನಕ್ಕೆ ಹೋಗ್ತೀವಿ, ಕೂತು ಎದ್ದು. ಅತಿಥಿಗಳಿಗೂ ಹಾಗೇ ಇಷ್ಟ. ನೀನೂ ಬಾರೋ, ಈಗ ಪುರುಸೊತ್ತಿದೆಯಲ್ಲ."

ಸೆವೆರಿನ್ ನಕ್ಕ. ಏಗಿಡ್ ಒಂದು ವರ್ಷದಿಂದ ಕಾದಿದ್ದ ನಗು ಕೊನೆಗೂ ಬಂತು. ಹಲ್ಲಿನ ಹೊರತು ಅದರಲ್ಲಿ ಬೇರೇನೂ ಇರಲಿಲ್ಲ.